ತೀರಿಹೋದವಳ ಕರೆ

ಡೀಸಾಳನ್ನು ಮಣ್ಣುಮಾಡಿದ್ದು ಮಾರ್ಚ್ ತಿಂಗಳಲ್ಲಿ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಗುಂಡಿ ತೋಡುವವರು ಎರಡು ದಿನ ಕೆಂಡ ಹರಡಿ ಅದನ್ನು ಸಡಿಲ ಮಾಡಬೇಕಾಯಿತು. ಮೂವತ್ತಾರು ವರ್ಷದ ಗಟ್ಟಿ ಹೆಂಗಸು, ಬೆಳಗ್ಗೆ ಹಾಲು ಕರೆಯಲು ಕೂತವಳು, ತಲೆಯೊಳಗೆ ನರವೊಂದು ಒಡೆದು ಹಸುವಿನ ಕಾಲಬುಡದಲ್ಲೇ ಒರಗಿದ್ದಳು. ಅವಳ ತಾಯಿ ಯೋಲಿನ್ ಜನರ ಮುಂದೆ ಅಳಲಿಲ್ಲ. "ಕೊಟ್ಟವನು ಕರೆದುಕೊಂಡ," ಎಂದಳು. ಇಗರ್ಜಿಯಿಂದ ಮನೆಗೆ ಬಂದು, ಕರಿ ಬಟ್ಟೆ ಬಿಚ್ಚಿಟ್ಟು, ಸಂಜೆಯ ಹಾಲು ಕರೆದಳು.

ಅಳಿಯ ಮಾಲ್ಟೆ ಅದನ್ನು ಕ್ಷಮಿಸಲಿಲ್ಲ. ಅವನು ದಕ್ಷಿಣದ ಪಟ್ಟಣದವನು, ಮೊಬೈಲ್ ಗೋಪುರ ಹತ್ತಿ ರಿಪೇರಿ ಮಾಡುವವನು. ಇವನು ದೇವರಿಲ್ಲದವನು ಎಂದು ಯೋಲಿನ್ ಮೊದಲ ದಿನವೇ ತೀರ್ಮಾನಿಸಿದ್ದಳು. ದನಗಳೇ ತನ್ನ ಹೆಂಡತಿಯನ್ನು ತಿಂದವು, ದನಗಳ ಹಿಂದೆ ಅತ್ತೆಯಿದ್ದಳು ಎಂಬುದು ಅವನ ತೀರ್ಮಾನ. ಒಂಬತ್ತು ವರ್ಷ ಡೀಸಾ ಇಬ್ಬರ ನಡುವೆ ಗೋಡೆಯಂತೆ ನಿಂತಿದ್ದಳು. ಗೋಡೆ ಬಿದ್ದಮೇಲೆ ಇಬ್ಬರೂ ಎದುರುಬದುರಾದರು.

ಜೂನಿನಲ್ಲಿ ಯೋಲಿನ್ ಹನ್ನೊಂದು ಹಸುಗಳನ್ನು ಬೇಸಿಗೆಯ ಮೇವಿಗಾಗಿ ಕಾಡಿನ ಹಟ್ಟಿಗೆ ಹೊಡೆದುಕೊಂಡು ಹೊರಟಾಗ ಅವನೂ ಚೀಲ ಹೊತ್ತು ಬಂದ.

"ನಿಮ್ಮ ಜೊತೆಗೆ ಅಂದ್ಕೋಬೇಡಿ ಅತ್ತೆ. ಅವಳು ಬೇಸಿಗೆಯೆಲ್ಲ ಇದ್ದ ಜಾಗದಲ್ಲಿ ಇರೋಕೆ ಬರ್ತಿದೀನಿ. ನನ್ನ ಪಾಡಿಗೆ ನನ್ನ ಬಿಡಿ."

"ಬಿಟ್ಟೆ ಕಣಪ್ಪ. ಸೌದೆ ಒಡಿ, ಕರಡಿ ಬಂದರೆ ಮುಂದೆ ನಿಲ್ಲು. ಪಟ್ಟಣದವರ ರುಚಿ ಅದಕ್ಕೂ ಗೊತ್ತಾಗಲಿ."

ಆ ಕಾಡುಗಳಲ್ಲಿ ದನಗಳನ್ನು ಕೂಗಿ ಕರೆಯುವುದು ಹೆಂಗಸರ ವಿದ್ಯೆ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು, ನೆತ್ತಿಯಿಂದ ಹೊರಟಿತೋ ಎಂಬಂಥ ಎತ್ತರದ ದನಿ ತೆಗೆದು ಕರೆದರೆ ಅದು ಮರಗಳ ಮೇಲೆ ಹಾದು ಗುಡ್ಡದ ಆಚೆ ಇಳಿಯುತ್ತದೆ. ಕರೆಯ ನಡುವೆ ದನಗಳ ಹೆಸರೂ ಬರುತ್ತದೆ. ಒಬ್ಬೊಬ್ಬಳ ಕರೆ ಒಂದೊಂದು. ತಾಯಿಯಿಂದ ಕಲಿತದ್ದನ್ನು ಮಗಳು ತನ್ನ ಗಂಟಲಿಗೆ ತಕ್ಕಂತೆ ತಿರುಗಿಸಿಕೊಳ್ಳುತ್ತಾಳೆ. ಒಬ್ಬಳದನ್ನು ಇನ್ನೊಬ್ಬಳು ಎತ್ತುವುದಿಲ್ಲ. ಯಂತ್ರದಲ್ಲಿ ಹಿಡಿಯಲೂ ಬಿಡುವುದಿಲ್ಲ. ಕರೆದವಳು ತೀರಿಹೋದರೆ ಅವಳ ಗೋರಿಯ ಮೇಲೆ ಒಂದು ಪೂರ್ತಿ ಚಳಿಗಾಲ ಹಾಯುವವರೆಗೆ ಆ ಕರೆಯನ್ನು ಕಾಡಿನಲ್ಲಿ ಯಾರೂ ಹಾಡಬಾರದು. ಕಾಡು ಮೊದಲು ಅದನ್ನು ಮರೆಯಬೇಕು. ಇಲ್ಲದಿದ್ದರೆ ಒಡತಿಯಿಲ್ಲದ ದನಿ ಎಂದು ನೆಲದಡಿಯವರು, ಕಾಡಿನ ಕೆಳಗೆ ಬದುಕುವ ಕಣ್ಣಿಗೆ ಕಾಣದ ಜನ, ಎತ್ತಿಕೊಳ್ಳುತ್ತಾರೆ. ಅವರಿಗೂ ದನಗಳಿವೆ. ಹೊಸ ಕರೆ ಕಟ್ಟುವ ಗಂಟಲು ಮಾತ್ರ ಅವರಿಗಿಲ್ಲ.

ಯೋಲಿನ್‌ಗೆ ಇದೆಲ್ಲ ಎಳೆಯಂದಿನಿಂದ ಗೊತ್ತು. ಆದರೆ ಅವಳ ದನಿ ಎಪ್ಪತ್ತೆರಡಕ್ಕೆ ಬಿರುಕುಬಿಟ್ಟಿತ್ತು, ಡೀಸಾಳ ಕರೆಗೆ ಒಗ್ಗಿದ ದನಗಳು ಅದನ್ನು ಮರೆತಿದ್ದವು. ಮೊದಲ ಸಂಜೆ ನಾಲ್ಕು ಬಂದವು. ಎರಡನೆಯ ಸಂಜೆ ಒಂದೂ ಬರಲಿಲ್ಲ. ಬೆಳಗ್ಗೆ ಜೌಗಿನ ಅಂಚಿನಲ್ಲಿ ಕರಡಿಯ ಹೆಜ್ಜೆ ಕಂಡಿತು. ಮೂರನೆಯ ಸಂಜೆ ಅವಳು ಬಾಗಿಲಲ್ಲಿ ನಿಂತು, ದೇವರೇ ಕ್ಷಮಿಸು ಎಂದುಕೊಂಡು, ಮಗಳ ಕರೆಯನ್ನು ಎತ್ತಿದಳು.

ಹನ್ನೊಂದೂ ಓಡಿಬಂದವು.

ಆಮೇಲೆ ದಿನವೂ ಅದೇ ಆಯಿತು. ದನಗಳಿಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಬೇರೆಯಿತ್ತು. ಆ ತಿರುವು ತನ್ನ ಗಂಟಲಲ್ಲಿ ಏಳುವಾಗ ಮಗಳು ಒಂದು ಗಳಿಗೆ ತನ್ನೊಳಗೆ ಬಂದು ನಿಲ್ಲುತ್ತಿದ್ದಳು. ಮಾಲ್ಟೆ ಸೌದೆ ಒಡೆಯುವುದನ್ನು ನಿಲ್ಲಿಸಿ, ಬೆನ್ನು ತಿರುಗಿಸಿಕೊಂಡೇ ಕೇಳುತ್ತಿದ್ದ. ಬೇಡ ಎಂದು ಒಮ್ಮೆಯೂ ಹೇಳಲಿಲ್ಲ.

ಆಗಸ್ಟ್ ಮಧ್ಯದ ಒಂದು ಸಂಜೆ ಅವಳು ಕರೆ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಉತ್ತರದ ದಿಬ್ಬದಿಂದ ಅದೇ ಕರೆ ತಿರುಗಿ ಬಂತು. ಪ್ರತಿಧ್ವನಿ ಎಂದುಕೊಂಡಳು. ಆದರೆ ಪ್ರತಿಧ್ವನಿ ಮುದುಕಿಯ ದನಿಯನ್ನು ಎಳೆಯದಾಗಿ ಮಾಡಿ ಕಳಿಸುವುದಿಲ್ಲ. ಬಿರುಕಿಲ್ಲದ, ತಿಳಿಯಾದ ದನಿ. ಕೊನೆಯಲ್ಲಿ ಡೀಸಾ ಕೊಡುತ್ತಿದ್ದ ಸಣ್ಣ ಬಳುಕು, ಯೋಲಿನ್‌ಗೆ ಎಂದೂ ಹಿಡಿಯಲಾಗದ್ದು, ಅದೂ ಇತ್ತು. ಬೇಲಿಯ ಬಳಿಗೆ ಬಂದಿದ್ದ ದನಗಳು ಕಿವಿ ತಿರುಗಿಸಿದವು. ಮುಂದಾಳು ಹಸು ಮೈರೋಸ್ ಗಂಟೆ ಅಲುಗಿಸುತ್ತ ದಿಬ್ಬದ ಕಡೆಗೆ ಹೊರಟಿತು. ಉಳಿದವೆಲ್ಲ ಹಿಂದೆ. ಅವುಗಳ ಹಿಂದೆ ಮಾಲ್ಟೆ.

"ಲೋ, ನಿಲ್ಲೋ!" ಎಂದಳು. ಅವನು ಕೊಡಲಿಯನ್ನು ಬೀಳಿಸಿದ್ದೂ ಅವನಿಗೆ ತಿಳಿದಂತಿರಲಿಲ್ಲ.

ಅವನು ಮರಳಿದ್ದು ಬೆಳಗ್ಗೆ, ದನಗಳ ಜೊತೆ. ತಲೆಗೂದಲಲ್ಲಿ ಪಾಚಿ, ಮುಖದಲ್ಲಿ ಐದು ತಿಂಗಳಿಂದ ಕಾಣದ ನಗೆ. ಯೋಲಿನ್ ಬಕೆಟ್ ಹಿಡಿದು ಕೂತಳು. ಹನ್ನೊಂದು ಹಸುಗಳ ಕೆಚ್ಚಲೂ ಒಣಗಿದ ಚೀಲದಂತಿತ್ತು. ಯಾರೋ ಕೊನೆಯ ಹನಿಯವರೆಗೆ ಕರೆದುಕೊಂಡಿದ್ದರು.

"ಯಾರನ್ನ ನೋಡ್ದೆ?"

"ಯಾರನ್ನೂ ಇಲ್ಲ. ಕೇಳಿದೆ. ಅದು ಅವಳದೇ ದನಿ, ಅತ್ತೆ."

"ಅವಳು ಇಗರ್ಜಿಯ ಹಿತ್ತಲಲ್ಲಿ ಮಲಗಿದಾಳೆ. ದೇವರ ಕೈಯಲ್ಲಿದಾಳೆ. ಇದು ಕಳ್ಳಮಾಲು. ಕದ್ದದ್ದು ನೆಲದಡಿಯವರು, ಬಾಗಿಲು ತೆಗೆದಿಟ್ಟವಳು ನಾನು."

"ನಿಮ್ಮ ದೇವರ ಕೈಯಿಂದ ಜಾರಿ ಬಂದಿದ್ರೆ ಬರಲಿ ಬಿಡಿ. ನಿಮಗೆ ಹೊಟ್ಟೆಕಿಚ್ಚು. ಅವಳು ನನಗೆ ಸಿಕ್ಕಳು ಅಂತ."

"ನಿನ್ನ ಹೆಸರು ಹಿಡಿದು ಕರೆದಳೇನೋ?"

ಅವನು ಕಾಫಿ ಬಟ್ಟಲನ್ನು ಕೈಗೆತ್ತಿಕೊಂಡ.

"ಇಲ್ಲ ಅಲ್ವಾ? ಮೈರೋಸ್, ಲಿಲ್ಯಾ, ದೋಕಾ ಅಂತ ಕರೀತು. ಕಾಡಿನಲ್ಲಿ ಹಾಡಿದ್ದಷ್ಟೇ ಅವರಿಗೆ ಸಿಕ್ಕಿರೋದು. ಡೀಸಾ ಗಂಡನ್ನ ದನದ ಕರೇಲಿ ಕರೆಯೋಳಲ್ಲ. ನೀನು ಹನ್ನೆರಡನೇ ಹಸುವಾಗಿ ಹೋಗಿದೀಯ. ಕೊರಳಿಗೊಂದು ಗಂಟೆ ಕಟ್ಟಲೇನು?"

ಅವನು ಕಾಫಿ ಬಟ್ಟಲನ್ನು ಗೋಡೆಗೆ ಎಸೆದ. ಅದೇ ಸಂಜೆ ಮತ್ತೆ ಹೋದ.

ಯೋಲಿನ್ ಕರೆಯುವುದನ್ನು ಬಿಟ್ಟಳು. ಅದರಿಂದ ಏನೂ ಆಗಲಿಲ್ಲ. ನೆಲದಡಿಯವರಿಗೆ ಇನ್ನು ಅವಳು ಬೇಕಿರಲಿಲ್ಲ. ದನಗಳನ್ನು ಕೂಡಿಹಾಕಿದರೆ ಬೇಲಿ ಮುರಿದು ಹೋದವು. ಮಾಲ್ಟೆಯ ಬಾಗಿಲಿಗೆ ಅಗುಳಿ ಹಾಕಿದರೆ ಕಿಟಕಿ ಹಾರಿ ಹೋದ. ದಿನದಿಂದ ದಿನಕ್ಕೆ ಅವನ ಮಾತು ಕಡಿಮೆಯಾಯಿತು. ರೊಟ್ಟಿ ಇಟ್ಟರೆ ತಿಂದ, ಇಡದಿದ್ದರೆ ಕೇಳಲಿಲ್ಲ. ಜಗಳಕ್ಕೂ ಬರಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಭಯವಾಯಿತು.

ಐದನೆಯ ದಿನ ಮಧ್ಯಾಹ್ನ ಅವನ ಫೋನನ್ನು ಎತ್ತಿ ಅವನ ಮುಂದೆ ಹಿಡಿದಳು. ಡೀಸಾ ಕಳಿಸಿದ್ದ ಒಂದು ಧ್ವನಿಸಂದೇಶವನ್ನು ಅವನು ಮಾರ್ಚಿನಿಂದ ಹಾಕಿ ಹಾಕಿ ಕೇಳುತ್ತಿದ್ದುದು ಅವಳಿಗೆ ಗೋಡೆಯಾಚೆಯಿಂದ ಗೊತ್ತಿತ್ತು.

"ಒತ್ತು, ಕೇಳೋಣ."

ಒತ್ತಿದ. 'ಮಾಲ್ಟೆ, ಬರ್ತಾ ಯೀಸ್ಟ್ ತಗೊಂಡ್ ಬಾ, ಮರೆತರೆ ಕೊಟ್ಟಿಗೇಲೇ ಮಲಗು.' ಹಿಂದೆಯೇ ಒಂದು ನಗು.

ಅವನು ಹುಬ್ಬು ಗಂಟಿಕ್ಕಿದ. "ಯಾರು ಈ ಹೆಂಗಸು?"

ಯೋಲಿನ್ ಬೆಂಚಿನ ಮೇಲೆ ಕುಳಿತಳು. ನೆಲದಡಿಯವರು ಹಸುಗಳ ಹಾಲು ಕರೆದಂತೆ ಇವನ ನೆನಪನ್ನೂ ಕರೆದುಕೊಳ್ಳುತ್ತಿದ್ದರು. ದಿನಕ್ಕಿಷ್ಟು, ದಿನಕ್ಕಿಷ್ಟು. ಅವಳಿಗೆ ಈ ಮನುಷ್ಯನ ಮೇಲೆ ಪ್ರೀತಿಯಿರಲಿಲ್ಲ. ಇದ್ದಂತೆ ನಟಿಸುವುದನ್ನು ದೇವರೂ ಅವಳಿಂದ ಕೇಳಲಾರ. ಆದರೆ ಒಂಬತ್ತು ವರ್ಷ ಇವನ ಜೊತೆ ಬಾಳಿದ ಡೀಸಾ ಇವನೊಳಗಿದ್ದಳು. ತಾಯಿಯ ಮುಂದೆ ಮಗಳು ಹಾಲಿನ ಮಾತು, ಇಗರ್ಜಿಯ ಮಾತು ಆಡಿದ್ದಳು, ಅಷ್ಟೇ. ಉಳಿದದ್ದೆಲ್ಲ, ಅವಳು ಹಾಸಿಗೆಯಲ್ಲಿ ಪಿಸುಗುಟ್ಟಿದ್ದು, ನಕ್ಕದ್ದು, ಬೈದದ್ದು, ಈ ದೇವರಿಲ್ಲದವನ ತಲೆಯಲ್ಲಿತ್ತು. ಅವನು ಬರಿದಾದರೆ ಆ ಡೀಸಾ ಭೂಮಿಯ ಮೇಲೆ ಎಲ್ಲಿಯೂ ಉಳಿಯುವುದಿಲ್ಲ.

ಅಂದೇ ಕೆಳಗಿನ ಊರಿನಿಂದ ಹಲ್ವಾರ್ ಎಂಬವನು ಹಿಟ್ಟು ಹೊತ್ತು ಬಂದ. ಇಗರ್ಜಿಯ ಗಂಟೆ ಹೊಡೆಯುತ್ತಿದ್ದ ಮುದುಕ, ಮದುವೆಯಾಗದವನು, ಯೋಲಿನ್‌ಳ ಜೊತೆ ಓದಿದವನು. ಬಿಸಿಲಲ್ಲಿ ಕೂತು ಖಾಲಿ ಕಣ್ಣಿನಿಂದ ದಿಬ್ಬವನ್ನೇ ನೋಡುತ್ತಿದ್ದ ಮಾಲ್ಟೆಯನ್ನು ನೋಡಿದ. ಬೇಲಿ ನೋಡಿದ. ಖಾಲಿ ಬಕೆಟ್ ನೋಡಿದ.

"ನೀನು ಅವಳ ಕರೆ ಹಾಡಿದೀಯ."

"ಹೂಂ."

"ಎಪ್ಪತ್ತು ದಾಟಿದ ಮೇಲೆ ಬುದ್ಧಿ ಬರುತ್ತೆ ಅಂತಾರೆ. ನಿನ್ನ ಹಟ್ಟಿ ಎತ್ತರದಲ್ಲಿದೆ, ಇನ್ನೂ ಹತ್ತಿ ಬಂದಿಲ್ಲ ಕಾಣುತ್ತೆ."

"ಬೈಯೋಕೆ ಬಂದ್ಯೋ, ಹಿಟ್ಟು ಕೊಡೋಕೆ ಬಂದ್ಯೋ?"

"ಎರಡೂ ಹೊತ್ತು ತಂದಿದೀನಿ." ಅವನು ಟೊಪ್ಪಿ ತೆಗೆದು ತಲೆ ಒರೆಸಿಕೊಂಡ. "ಕೊಂಬು ಇದೆಯಾ ನಿನ್ನ ಹತ್ತಿರ?"

ಇತ್ತು. ಬರ್ಚ್ ಮರದ ತೊಗಟೆ ಸುತ್ತಿದ ಮಾರುದ್ದದ ಮರದ ಕೊಂಬು, ತೋಳ ಕರಡಿಗಳನ್ನು ಓಡಿಸಲು ಊದುವುದು.

"ದನಿಯಿಂದ ಬಂದದ್ದನ್ನ ದನಿಯಿಂದಲೇ ಹರೀಬೇಕು. ಅದು ಕರೀತಿರೋವಾಗ ಹತ್ತಿರ ಹೋಗಿ, ಕರಡಿಗೆ ಊದಿದ ಹಾಗೆ ಅದರ ಮೇಲೆ ಊದು. ಕರೆ ನಡುವೆ ತುಂಡಾದರೆ ಅವರು ಬಿಟ್ಟುಬಿಡ್ತಾರೆ. ತುಂಡಾದದ್ದು ಅವರಿಗೆ ಬೇಡ." ಟೊಪ್ಪಿಯನ್ನು ಮತ್ತೆ ತಲೆಗಿಟ್ಟು ಹೇಳಿದ: "ಆದರೆ ಯೋಲಿನ್, ತುಂಡಾದಮೇಲೆ ಅದು ಯಾರಿಗೂ ಇಲ್ಲ. ನಿನ್ನ ಗಂಟಲಿಗೂ ಬರಲ್ಲ, ನೆನಪಿಗೂ ಬರಲ್ಲ."

ಅವಳು ಹಿಟ್ಟಿನ ಚೀಲವನ್ನು ಒಳಗೆ ಇಟ್ಟು ಬಂದಳು. "ನೀನು ಹೊರಡು. ಕತ್ತಲಾಗೋದರೊಳಗೆ ಊರು ಸೇರು."

ಸಂಜೆ ಕರೆ ಬಂತು. ದನಗಳು ಹೊರಟವು, ಮಾಲ್ಟೆ ಹೊರಟ, ಹತ್ತು ಮಾರು ಹಿಂದೆ ಕೊಂಬು ಹೊತ್ತು ಯೋಲಿನ್ ಹೊರಟಳು. ಅವನು ತಿರುಗಿ ನೋಡಲಿಲ್ಲ. ಕಾಡು ಅವಳಿಗೆ ದಾರಿ ಬಿಡಲಿಲ್ಲ. ಅರವತ್ತು ವರ್ಷ ನಡೆದ ಜಾಡು ಕಾಲಡಿಯಲ್ಲಿ ಜೌಗಾಯಿತು. ಸ್ಪ್ರೂಸ್ ಮರದ ಒಣಕೊಂಬೆಗಳು ತಲೆವಸ್ತ್ರ ಕಿತ್ತುಕೊಂಡವು, ಕೆನ್ನೆ ಗೀರಿದವು. ಅವನಿಗೂ ದನಗಳಿಗೂ ಒಂದು ಎಲೆಯೂ ತಾಗಲಿಲ್ಲ. ಅವಳು ಪ್ರಾರ್ಥನೆ ಹೇಳಿಕೊಂಡು ನಡೆದಳು. ಸಾವಿರ ಸಲ ಹೇಳಿದ ಪ್ರಾರ್ಥನೆ, ನಡುನಡುವೆ ಒಂದೊಂದು ಸಾಲು ನಾಲಿಗೆಯಿಂದ ಕಳಚಿ ಬಿದ್ದಿತು.

ದಿಬ್ಬದಾಚೆ ಒಂದು ಬಯಲಿತ್ತು. ಅಲ್ಲಿ ಎಂದೂ ಬಯಲಿರಲಿಲ್ಲವೆಂದು ಅವಳು ಆಣೆಯಿಟ್ಟು ಹೇಳಬಲ್ಲಳು. ಹನ್ನೊಂದು ಹಸುಗಳು ಸಾಲಾಗಿ ನಿಂತಿದ್ದವು. ಯಾರೂ ಕಾಣಲಿಲ್ಲ. ಹಸುಗಳ ಪಕ್ಕದಲ್ಲಿ ಹುಲ್ಲು ಮಾತ್ರ ಯಾರೋ ಕೂತಂತೆ ತಗ್ಗಿತ್ತು, ಪಾತ್ರೆಗೆ ಹಾಲು ಬೀಳುವ ಸದ್ದು ಹನ್ನೊಂದು ಕಡೆಯಿಂದ ಬರುತ್ತಿತ್ತು. ಸಾಲಿನ ಕೊನೆಯಲ್ಲಿ ಮಾಲ್ಟೆ ತಲೆ ಬಗ್ಗಿಸಿ ನಿಂತಿದ್ದ, ತನ್ನ ಸರದಿಗೆ ಕಾಯುತ್ತ. ಅವನ ಕಾಲಬಳಿಯ ಹುಲ್ಲು ಆಗಲೇ ತಗ್ಗುತ್ತಿತ್ತು.

ಕರೆ ಅವಳ ಪಕ್ಕದಲ್ಲೇ ಎದ್ದಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಯೋಲಿನ್ ಕೊಂಬನ್ನು ನೆಲಕ್ಕಿಟ್ಟಳು. ಸ್ವಲ್ಪ ಕೇಳಿ ಆಮೇಲೆ ಎತ್ತುತ್ತೇನೆ ಎಂದುಕೊಂಡಳು. ಡೀಸಾ ಏಳು ವರ್ಷದವಳಿದ್ದಾಗ ಈ ಕರೆಯನ್ನು ಕಲಿಯಲು ಬಾಗಿಲಲ್ಲಿ ನಿಂತು ಕೆಮ್ಮಿ ಕೆಮ್ಮಿ ಅತ್ತದ್ದು, ತಾನು ಗದರಿಸಿದ್ದು ನೆನಪಾಯಿತು. ಇಂಥ ದನಿಯನ್ನು ಇನ್ನೊಮ್ಮೆ ಹುಟ್ಟಿಸುವವರು ಯಾರು? ಕರೆ ಏರಿತು, ಇಳಿಯಿತು. ಅವಳ ಮೊಣಕಾಲಿನ ನೋವು ಹೋಯಿತು. ತಲೆ ತಾನಾಗಿ ಬಗ್ಗತೊಡಗಿತು. ಆಗ ದನಿ ಅದೇ ಪ್ರೀತಿಯಿಂದ ಮೈರೋಸ್ ಎಂದಿತು, ಲಿಲ್ಯಾ ಎಂದಿತು, ದೋಕಾ ಎಂದಿತು, ಮತ್ತೆ ಮೈರೋಸ್ ಎಂದಿತು. ಅಮ್ಮಾ ಎನ್ನಲಿಲ್ಲ. ಸಾವಿರ ವರ್ಷ ಕಾದರೂ ಅದು ಅಮ್ಮಾ ಎನ್ನುವುದಿಲ್ಲ.

"ಕರ್ತನೇ, ನನಗೆ ಉಸಿರು ಕೊಡು," ಎಂದು ಕೊಂಬೆತ್ತಿ ಊದಿದಳು.

ಮೊದಲ ಸಲ ಬರೀ ಗಾಳಿ ಹೊರಟಿತು. ಎರಡನೆಯ ಸಲ ಕೊಂಬು ಒರಲಿತು. ಕರೆ ಅಲುಗಿತು, ಆದರೆ ನಿಲ್ಲಲಿಲ್ಲ, ಇನ್ನೂ ಎತ್ತರಕ್ಕೆ ಹೋಗಿ ಕೊನೆಯ ಬಳುಕಿಗೆ ಬಂತು. ಯೋಲಿನ್ ಆ ಬಳುಕನ್ನೇ ಗುರಿಯಿಟ್ಟು, ಕಣ್ಣು ಕತ್ತಲಿಡುವಂತೆ ಊದಿದಳು. ಕರೆ ಹರಿಯಿತು. ಹರಿದ ತುದಿಯಿಂದ ಹೊರಟದ್ದು ಡೀಸಾಳ ದನಿಯಲ್ಲ, ಯಾವ ಹೆಣ್ಣಿನದೂ ಅಲ್ಲ. ಒಣಮರ ಮರಕ್ಕೆ ತಿಕ್ಕಿದಂಥ ಕೀರಲು. ಕಾಣದ ಪಾತ್ರೆಗಳು ಉರುಳಿ ಹುಲ್ಲಿನ ಮೇಲೆಲ್ಲ ಹಾಲು ಹರಿಯಿತು. ದನಗಳು ಬಾಲವೆತ್ತಿ ಹಟ್ಟಿಯ ಕಡೆಗೆ ಓಡಿದವು. ಯೋಲಿನ್ ತನ್ನೊಳಗೆ ಹುಡುಕಿದಳು. ಮಗಳ ಕರೆ ಹೇಗೆ ಆರಂಭವಾಗುತ್ತಿತ್ತು? ಇಲ್ಲ. ಅಲ್ಲಿ ಏನೂ ಇರಲಿಲ್ಲ.

ಮಾಲ್ಟೆ ಬಂದು ಕೊಂಬನ್ನು ಕಿತ್ತುಕೊಂಡು ಬಂಡೆಗೆ ಬಡಿದ. ಅದು ಸೀಳಿತು.

"ಕೊಂದೆ! ಎರಡನೇ ಸಲ ಕೊಂದೆ ನೀನು! ಮೊದಲು ದನ ಕಟ್ಟಿ ಕೊಂದೆ, ಈಗ ಊದಿ ಕೊಂದೆ!"

"ಹೂಂ, ಊದಿದೆ."

"ಅವಳಿಗೆ ನೀನು ಗೊತ್ತಿತ್ತು, ಮುದುಕಿ! 'ಅಮ್ಮ ಸ್ವರ್ಗಕ್ಕೆ ಹೋದರೂ ಮೊದಲು ಅಲ್ಲಿಯ ಕೊಟ್ಟಿಗೆ ನೋಡ್ತಾಳೆ' ಅಂತಿದ್ದಳು. 'ನನ್ನ ಹಣೆ ಮುಟ್ಟಿ ಜ್ವರ ನೋಡಿದ್ದಕ್ಕಿಂತ ಹೆಚ್ಚು ಸಲ ಕರುವಿನ ಮೂಗು ಮುಟ್ಟಿದಾಳೆ' ಅಂತಿದ್ದಳು!"

ಆ ಮಾತು ಡೀಸಾಳದೇ. ನೆಲದಡಿಯವರು ಅವನಿಂದ ಹಿಂಡಿಕೊಂಡದ್ದೆಲ್ಲ ಕರೆ ಹರಿದಾಗ ಅವನಿಗೇ ಮರಳಿತ್ತು. ಅವನ ಬಾಯಲ್ಲಿ ಅವಳ ವ್ಯಂಗ್ಯ, ಅವಳ ತಲೆ ಕೊಂಕಿಸುವ ರೀತಿ ಎಲ್ಲ ಇತ್ತು. ಎಂದೂ ಕೇಳಿರದ ಮಗಳು ಎದುರಿಗೆ ನಿಂತು ಬೈಯುತ್ತಿದ್ದಳು. ಎದೆಗೆ ಇಳಿಯುವಂಥ ಮಾತುಗಳು. ಯೋಲಿನ್ ಹಸಿದವಳಂತೆ ನಿಂತು ಕೇಳಿದಳು. ಅಷ್ಟರಲ್ಲಿ ಅವನ ಸಿಟ್ಟು ಇಳಿಯುವಂತೆ ಕಂಡಿತು. ಮುಖ ಅಳುವಿಗೆ ತಿರುಗುತ್ತಿತ್ತು, ಬಾಯಿ ಮುಚ್ಚುತ್ತಿತ್ತು. ಅತ್ತರೆ ಇವನು ಸುಮ್ಮನಾಗುತ್ತಾನೆ, ನಾಳೆ ಚೀಲ ಹೊತ್ತು ದಕ್ಷಿಣಕ್ಕೆ ಹೋಗುತ್ತಾನೆ, ಇನ್ನೊಂದು ಮಾತೂ ಸಿಗುವುದಿಲ್ಲ.

ಅವಳು ಸೊಂಟಕ್ಕೆ ಕೈಯಿಟ್ಟಳು.

"ಇಷ್ಟೇನಾ? ನಿನ್ನಂಥ ಕೈಲಾಗದವನ ಹತ್ತಿರ ಅವಳು ಮನಸ್ಸು ಬಿಚ್ಚಿ ಮಾತಾಡಿರೋದೇ ಸುಳ್ಳು. ನಾನು ನಂಬಲ್ಲ."

"ನಂಬಲ್ವಾ?" ಅವನು ಹಲ್ಲು ಕಚ್ಚಿ ಮುಂದೆ ಬಂದ. "ಕೇಳು ಹಾಗಾದರೆ. ಮದುವೆಯ ಹಿಂದಿನ ದಿನ ನಿನ್ನ ಬಗ್ಗೆ ಏನಂದಳು ಗೊತ್ತಾ..."

ಯೋಲಿನ್ ಒಂದು ಬಂಡೆ ನೋಡಿ ಕುಳಿತಳು.