ಚುಕ್ಕಿಯಿಲ್ಲದ ಸದ್ದು

ನಮ್ಮ ಯಜಮಾನರಿಗೆ ಸದ್ದಿನ ಹುಚ್ಚು. ಬೇರೆಯವರ ಗಂಡಂದಿರಿಗೆ ಇಸ್ಪೀಟು, ಕುಡಿತ, ರಾಜಕೀಯ. ನನ್ನ ಪಾಲಿಗೆ ಬಂದದ್ದು ಸ್ಪೀಕರು. ಮಧುಗಿರಿಯ ತಾಲ್ಲೂಕು ಕಚೇರಿಯಿಂದ ಬಂದವರೇ ಅಂಗಿ ಕೂಡ ಬಿಚ್ಚದೆ ವೈರು ಹಿಡಿದು ಕೂರುವ ಮುತ್ತುರಾಜ್ ಎಂಬ ಈ ಮನುಷ್ಯನ ಜೊತೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ವೇದಾವತಿಯಾದ ನಾನು ಹೇಗೋ ಏಗಿಕೊಂಡು ಬಂದಿದ್ದೇನೆ. ಆದರೆ ಹೋದ ಬೇಸಿಗೆಯ ಆ ಶುಕ್ರವಾರದ ಸಂಜೆಯನ್ನು ಮಾತ್ರ ಮರೆಯಲು ಆಗಿಲ್ಲ.

ಈ ಸಲದ ಹುಚ್ಚಿಗೆ ಒಂದು ಕಾರಣ ಇತ್ತು, ಅದು ನ್ಯಾಯವಾದದ್ದೇ ಅನ್ನಿ. ನಮ್ಮ ಅತ್ತೆ ಕೊಲ್ಲಾಪುರಮ್ಮನವರ ಎರಡೂ ಕಣ್ಣು ಸಕ್ಕರೆ ಕಾಯಿಲೆಗೆ ಹೋಗಿಬಿಟ್ಟಿವೆ. ಕಣ್ಣಿದ್ದಾಗ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ ಆಯಮ್ಮ. ಈಗ ಹಾಕಿದರೆ, "ಎಲ್ರೂ ಒಂದೇ ಡಬ್ಬದೊಳಗಿಂದ ಮಾತಾಡ್ತವ್ರೆ. ಯಾರು ಎಲ್ಲವ್ರೆ ಅಂತ ಹೆಂಗಮ್ಮ ಗೊತ್ತಾಗ್ಬೇಕು? ಆರ್ಸಮ್ಮ ಅದ್ನ" ಎನ್ನುತ್ತಿದ್ದರು. ಮಗನಿಗೆ ಆ ಮಾತು ಚುಚ್ಚಿತು. ಸದ್ದು ನಾಲ್ಕೂ ಗೋಡೆಯಿಂದ, ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ಬಂದರೆ ಅಮ್ಮ ಕಿವಿಯಲ್ಲೇ ನೋಡುತ್ತಾರೆ ಎಂದು ಹಿಂದಿನ ಕೋಣೆಯನ್ನು ಹೋಮ್ ಥಿಯೇಟರ್ ಮಾಡಲು ಹೊರಟರು. ಕಿಟಕಿ ಮುಚ್ಚಿಸಿದರು, ಗೋಡೆಗೆಲ್ಲ ದಪ್ಪ ಸ್ಪಂಜು ಬಡಿಸಿದರು. ಉಳಿದದ್ದು ಹಾಲಿಗೆ ತೆರೆಯುವ ಒಂದೇ ಬಾಗಿಲು.

ಈ ಕೆಲಸಕ್ಕೆ ಸಿಕ್ಕಿದವನು ಶಿರಾದ ನಯಾಜ್. ಸ್ಪೀಕರ್ ಅಂಗಡಿ ಇಟ್ಟುಕೊಂಡಿದ್ದಾನೆ, ಬಾಯಿ ತೆರೆದರೆ ಮುಚ್ಚುವವನಲ್ಲ.

"ಮೇಡಂ, ಹಿಂಗೆ ಸುತ್ತ ಸದ್ದು ಬರ್ಸಕ್ಕೆ ದೊಡ್ ಕಂಪ್ನಿಗಳ ಸರೌಂಡ್ ಫಾರ್ಮ್ಯಾಟು ಅಂದ್ರೆ ಬೀಗ ಹಾಕಿದ ಪೆಟ್ಗೆ ಇದ್ದಂಗೆ. ಬೀಗದ ಕೈ ಅವ್ರತ್ರನೇ ಇರ್ತದೆ. ಇದು ಹೊಸ್ದು, ಓಪನ್ ಸೋರ್ಸು. ಯಾರಪ್ಪನ ಆಸ್ತಿನೂ ಅಲ್ಲ. ಶಿರಾದಲ್ಲಿ ಕೂತ್ಕೊಂಡು ನಮ್ಮೂರ್ ಸದ್ದನ್ನೇ ನಾನು ಇದ್ರಲ್ಲಿ ಜೋಡಿಸ್ಬೋದು, ಒಬ್ರನ್ನೂ ಕೇಳಂಗಿಲ್ಲ."

ಲ್ಯಾಪ್‌ಟಾಪ್ ತೆರೆದು ತೋರಿಸಿದ. ಪರದೆಯಲ್ಲಿ ಒಂದು ಚೌಕ, ಅದೇ ನಮ್ಮ ಕೋಣೆ. ಅದರೊಳಗೆ ಬಣ್ಣಬಣ್ಣದ ಚುಕ್ಕಿಗಳು. ಒಂದೊಂದು ಚುಕ್ಕಿ ಒಂದೊಂದು ಸದ್ದು. ಚುಕ್ಕಿಯನ್ನು ಬೆರಳಲ್ಲಿ ಎಳೆದು ಎಲ್ಲಿ ಬಿಡುತ್ತೇವೋ ಕೋಣೆಯಲ್ಲಿ ಸದ್ದು ಅಲ್ಲಿಂದಲೇ ಬರುತ್ತದೆ. ರೇಖಾಗಣಿತ ಕಲಿಸುವ ನನಗೆ ಇದು ಸಲೀಸಾಗಿ ಅರ್ಥವಾಯಿತು. ಮೆಚ್ಚಿದ್ದನ್ನು ಮಾತ್ರ ತೋರಿಸಿಕೊಳ್ಳಲಿಲ್ಲ. ತೋರಿಸಿದ್ದರೆ ಯಜಮಾನರು ಅಡುಗೆಮನೆಗೂ ನಾಲ್ಕು ಸ್ಪೀಕರು ಬಡಿಯುತ್ತಿದ್ದರು.

ನಯಾಜ್ ಸುಮ್ಮನೆ ಕೂರಲಿಲ್ಲ. ಅತ್ತೆ ಹುಟ್ಟಿ ಬೆಳೆದ ವೈ.ಎನ್.ಹೊಸಕೋಟೆಯ ಕಡೆಗೇ ಹೋಗಿ, ಕಡಲೆಕಾಯಿ ಹೊಲದ ಕಾವಲಿನ ಸದ್ದುಗಳನ್ನು ಹಿಡಿದು ತಂದ. ಜೀರುಂಡೆ, ಗಾಳಿ, ದೂರದ ನಾಯಿ, ಹಂದಿ ಓಡಿಸಲು ಡಬ್ಬ ಬಡಿಯುವುದು, ಗಂಡಸರು ಕೂಗು ಹಾಕುವುದು, ಎಲ್ಲವೂ ಇದ್ದವು. "ಅಜ್ಜಿಗೆ ಮೊದ್ಲು ಸಿನಿಮಾ ಬೇಡ, ಅವ್ರ ಹೊಲನೇ ಹಾಕಣ" ಎಂದ. ಅದನ್ನು ಕೇಳಿ ಅತ್ತೆ ಎರಡು ದಿನ ನೆಟ್ಟಗೆ ಊಟ ಮಾಡಲಿಲ್ಲ, ಅಷ್ಟು ಸಂಭ್ರಮ.

ನಮ್ಮಲ್ಲಿ ಮಿಕ್ಸಿ ತಂದರೂ ಪೂಜೆ ಮಾಡುತ್ತೇವೆ. ಇಷ್ಟು ದೊಡ್ಡ ವ್ಯವಸ್ಥೆಗೆ ಬಿಡುತ್ತೇವೆಯೇ? ಶುಕ್ರವಾರ ಸಂಜೆ ಸ್ಪೀಕರುಗಳಿಗೆಲ್ಲ ಅರಿಶಿನ ಕುಂಕುಮ ಇಟ್ಟಾಯಿತು. ಬಾಳೆಹಣ್ಣು, ಬೆಲ್ಲ, ಜೇನುತುಪ್ಪ, ಕಾಯಿತುರಿ ಹಾಕಿ ದೊಡ್ಡ ಪಾತ್ರೆ ತುಂಬ ರಸಾಯನ ಮಾಡಿದೆ. ಬೀದಿಬಾಗಿಲ ಹೊಸ್ತಿಲ ಮೇಲೆ ದೀಪ ಹಚ್ಚಿ, ಪಕ್ಕದಲ್ಲೇ ಕಡಲೆಕಾಯಿ ಎಣ್ಣೆಯ ಗಿಂಡಿ ಇಟ್ಟೆ.

"ಈಗ ಬಾಗ್ಲಾಕ್ಬೇಕು ಮೇಡಂ, ಇಲ್ಲಾಂದ್ರೆ ಸದ್ದೆಲ್ಲ ಆಚೆ ಸೋರ್ತದೆ" ಎಂದ ನಯಾಜ್.

ಅತ್ತೆ ಕುರ್ಚಿಯಲ್ಲೇ ಸೆಟೆದರು. "ದೀಪ ಹಚ್ಚಿದ್ ಹೊತ್ನಾಗೆ ಬಾಗ್ಲಾಕ್ತಾರೇನೋ ಯಾರಾದ್ರೂ? ಲಕ್ಷ್ಮಿ ಒಳೀಕೆ ಬರದು ಬ್ಯಾಡ್ವಾ? ಯಾವ ಬಾಗ್ಲೂ ಆಕ್ಬ್ಯಾಡ್ರಿ, ಹೇಳಿವ್ನಿ!"

ನಾನು ಗಣಿತದ ಮೇಡಂ ಆದರೇನು, ಆ ಮಾತಿಗೆ ಎದುರಾಡಲಿಲ್ಲ. ಚಿಕ್ಕಂದಿನಿಂದ ನಾನೂ ಹಾಗೇ ಬೆಳೆದವಳು. ಬೀದಿಬಾಗಿಲೂ ತೆರೆದೇ ಇತ್ತು, ಕೋಣೆಯ ಬಾಗಿಲೂ ತೆರೆದೇ ಇತ್ತು. ನಮ್ಮದು ಬಡಾವಣೆಯ ಕೊನೇ ಮನೆ, ಆಚೆಗೆ ಬರೀ ಬಂಡೆ ಮತ್ತು ಬೆಟ್ಟ. ಬೇಸಿಗೆಯಲ್ಲಿ ಬೆಟ್ಟದ ಕರಡಿ ಇಳಿದು ಬಂದು ಗುಡಿಯ ದೀಪದೆಣ್ಣೆ ಕುಡಿದು ಹೋಯಿತು ಎನ್ನುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ. ಅಷ್ಟು ಗೊತ್ತಿದ್ದೂ ನಮ್ಮಲ್ಲಿ ಒಬ್ಬರ ತಲೆಗೂ ಅದು ಬರಲಿಲ್ಲವಲ್ಲ, ನಮ್ಮ ಬುದ್ಧಿಗಿಷ್ಟು!

ಅತ್ತೆಯನ್ನು ಹಿಂದುಗಡೆ, ಬಾಗಿಲಿನ ಪಕ್ಕದ ಒರಗುಕುರ್ಚಿಯಲ್ಲಿ ಕೂರಿಸಿ ಸಕ್ಕರೆ ಕಾಯಿಲೆ ಇದ್ದರೂ ಪ್ರಸಾದ ಬೇಕೇ ಬೇಕು ಎಂದದ್ದಕ್ಕೆ ಮಡಿಲಿಗೆ ರಸಾಯನದ ತಟ್ಟೆ ಕೊಟ್ಟೆ. ನಾನೂ ಯಜಮಾನರೂ ಮುಂದಿನ ಸೋಫಾದಲ್ಲಿ ಕೂತೆವು. ಮೇಜು ಇನ್ನೂ ಬಂದಿರಲಿಲ್ಲವಾದ್ದರಿಂದ ಲ್ಯಾಪ್‌ಟಾಪು ನನ್ನ ತೊಡೆಯ ಮೇಲೆ. ನಯಾಜ್ ಬಲಗೋಡೆಯ ಹತ್ತಿರ ಸ್ಟೂಲ್ ಹತ್ತಿ ಒಂದು ಸ್ಪೀಕರನ್ನು ತಿರುಗಿಸುತ್ತಿದ್ದ. "ಕತ್ತಲಾದ್ರೆ ಕಿವಿ ಚುರುಕಾಗುತ್ತೆ" ಎಂದು ಯಜಮಾನರು ಹಾಲಿನ ದೀಪವನ್ನೂ ಕೋಣೆಯ ದೀಪವನ್ನೂ ಆರಿಸಿದರು.

ಸದ್ದು ಶುರುವಾಯಿತು. ಅಬ್ಬಾ, ಸುಳ್ಳು ಹೇಳಬಾರದು, ಕೋಣೆಯ ಗೋಡೆಗಳೇ ಮಾಯವಾದವು. ತಲೆಯ ಮೇಲೆ ಗಾಳಿ ಹರಿಯಿತು, ಸುತ್ತಲೂ ಜೀರುಂಡೆ ಕೂಗಿದವು. ಅತ್ತೆ ಮಗುವಿನ ಹಾಗೆ ನಗುತ್ತಾ, "ಅಗಳ್ಳಾ, ಎಡಕ್ಕೆ ನಾಯಿ! ಇಲ್ಲಿ ಮ್ಯಾಗಡೆ ಯಾವ್ದೋ ಹಕ್ಕಿ ಹೋಯ್ತು!" ಎಂದು ಒಂದೊಂದನ್ನೂ ಹೇಳತೊಡಗಿದರು. ನಾನು ಪರದೆ ನೋಡುತ್ತಿದ್ದೆ. ಅವರು ಹೇಳಿದ ಕಡೆಯಲ್ಲೇ ಚುಕ್ಕಿ ಇರುತ್ತಿತ್ತು. ಒಂದೂ ತಪ್ಪಲಿಲ್ಲ. ಪಕ್ಕದಲ್ಲಿ ಯಜಮಾನರು ಕಣ್ಣೊರೆಸಿಕೊಂಡರು.

ಆಮೇಲೆ ಹಿಂದಿನಿಂದ ಹೊಸದೊಂದು ಸದ್ದು ಬಂತು. ಮೂಗಿನಿಂದ ಜೋರಾಗಿ ಗಾಳಿ ಬಿಟ್ಟ ಹಾಗೆ, ಆಮೇಲೆ ಏನನ್ನೋ ಹೀರಿದ ಹಾಗೆ.

"ಅಬ್ಬಬ್ಬಾ, ಏಮಿರಾ ಇದು ನಯಾಜಪ್ಪ!" ಅತ್ತೆಗೆ ಖುಷಿಯಾದರೆ ತೆಲುಗು ನುಗ್ಗುತ್ತದೆ. "ಎಷ್ಟ್ ಹತ್ರ ತಂದ್ಬುಟ್ಟೆ! ಕಿವಿ ತಾವೇ ಐತಲ್ಲೋ. ಉಸ್ರು ಬಿಸಿಬಿಸಿಯಾಗಿ ಬತ್ತೈತೆ. ವಾಸ್ನೆನೂ ಆಕಿದೀಯಾ? ಥೂ, ಏನ್ ನಾತ ಮಾರಾಯ!"

ನಾನು ನಗುತ್ತಲೇ ಪರದೆ ನೋಡಿದೆ. ಮೇಲೆ ಹಕ್ಕಿಯ ಚುಕ್ಕಿ, ಬಲಕ್ಕೆ ಗಾಳಿ, ಸುತ್ತ ಜೀರುಂಡೆ. ಅತ್ತೆ ಕೂತಿದ್ದ ಮೂಲೆಯಲ್ಲಿ ಏನೂ ಇರಲಿಲ್ಲ. ಹೀರುವ ಸದ್ದು ಮತ್ತೆ ಬಂತು. ಚೌಕದ ಆ ಮೂಲೆ ಖಾಲಿಯಾಗಿಯೇ ಇತ್ತು.

"ನಯಾಜ್, ಅತ್ತೆ ಹತ್ರ ಯಾವ ಸದ್ದು ಇಟ್ಟಿದೀಯಪ್ಪ?" ಎಂದೆ.

ಅವನು ತಿರುಗಿ ನೋಡಿ ಗೋಡೆಗೆ ಅಂಟಿಕೊಂಡ. ಸ್ಟೂಲಿನ ಮೇಲಿಂದ ಅವನಿಗೆ ಹಿಂದಿನದು ಕಾಣುತ್ತಿತ್ತು. ನಾನು ಲ್ಯಾಪ್‌ಟಾಪನ್ನು ಸ್ವಲ್ಪ ಓರೆ ಮಾಡಿದೆ. ಅದರ ಬೆಳಕು ಹಿಂದಕ್ಕೆ ಬಿತ್ತು. ಅತ್ತೆಯ ಕುರ್ಚಿಯ ಪಕ್ಕದಲ್ಲಿ ಕಪ್ಪು ಕೂದಲಿನ ಒಂದು ಗುಡ್ಡೆ, ಅದರ ತುದಿಯಲ್ಲಿ ಮಣ್ಣುಬಣ್ಣದ ಉದ್ದ ಮೂತಿ. ಆ ಮೂತಿ ನಮ್ಮತ್ತೆಯ ಮಡಿಲಿನ ತಟ್ಟೆಯಲ್ಲಿತ್ತು.

ಜೀವ ಬಾಯಿಗೆ ಬಂತು. ಕಿರುಚಲು ಹೊರಟ ಬಾಯಿಗೆ ಸೆರಗು ತುರುಕಿಕೊಂಡೆ. ಕರಡಿ ಒಮ್ಮೆ ಪಂಜ ಬೀಸಿದರೆ ಮುಖವೇ ಕಿತ್ತು ಬರುತ್ತದೆ ಎಂದು ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯಜಮಾನರು ಎದ್ದು ನಿಂತರು. ಅವರ ಪಂಚೆಯನ್ನು ಹಿಡಿದು ಎಳೆದು ಕೂರಿಸಿದೆ. ಅವರು ನುಗ್ಗಿದರೆ ಮೊದಲು ಸಿಗುವುದು ಅತ್ತೆಯೇ. ದೀಪ ಹಾಕಿದರೂ ಅಷ್ಟೇ, ಕೂಗಿದರೂ ಅಷ್ಟೇ.

"ಮೇಡಂ," ನಯಾಜ್ ಪಿಸುಗುಟ್ಟಿದ. ಸ್ಟೂಲ್ ಬಿಟ್ಟು ಇಳಿಯುವ ಧೈರ್ಯ ಅವನಿಗೂ ಇರಲಿಲ್ಲ. "ಡಬ್ಬದ ಚುಕ್ಕಿ. ಕೆಂಪುದು. ಮುಂದಿನ್ ಗೋಡೆಗೆ ತನ್ನಿ. ಮುಂದೆ ಸದ್ದಾದ್ರೆ ಅದು ಬಾಗ್ಲಿಂದ ಆಚೆ ಹೋಗ್ತದೆ. ಬಾಗ್ಲು ಕಡೆ ಮಾತ್ರ ಬಿಡ್ಬೇಡಿ, ಒಳಗೇ ನುಗ್ಬಿಡ್ತದೆ. ಯಾ ಅಲ್ಲಾ, ಹುಷಾರು."

ಕೆಂಪು ಚುಕ್ಕಿ ಚೌಕದ ಹೊರಗೆ, ಬಾಗಿಲಿನ ನೇರಕ್ಕೇ ಇತ್ತು, ಒಳಗೆ ತರುವವರೆಗೆ ಅದಕ್ಕೆ ಸದ್ದಿಲ್ಲ. ಬೆರಳಿಟ್ಟು ಎಳೆದೆ. ಬೆರಳೆಲ್ಲ ಬೆವರು. ಚುಕ್ಕಿ ಒಂದು ಚೂರು ಜರುಗಿ ಕೈಜಾರಿತು, ಎಲ್ಲಿ ಬೇಡವೆಂದನೋ ಅಲ್ಲೇ ನಿಂತು ಬಾಯಿ ಬಿಟ್ಟಿತು.

ಡಣ್ ಡಣ್ ಡಣ್ ಎಂದು ಬಾಗಿಲ ಬಳಿಯೇ ಡಬ್ಬ ಬಡಿಯತೊಡಗಿತು.

ಕರಡಿ ಬೆಚ್ಚಿ ಹಿಂಗಾಲ ಮೇಲೆ ಎದ್ದು ನಿಂತಿತು. ಅದರ ಎದೆಯ ಬಿಳಿ ಗೆರೆ ಅತ್ತೆಯ ತಲೆಯ ಮೇಲಕ್ಕೆ ಬಂತು. ಬಾಗಿಲಿಗೆ ಬೆನ್ನು ಕೊಟ್ಟು ಒಳಗೇ ಒಂದು ಹೆಜ್ಜೆ ಇಟ್ಟಿತು, ಕುರ್ಚಿ ಅಲುಗಾಡಿತು. ಅತ್ತೆಗೋ ಹಿಗ್ಗೋ ಹಿಗ್ಗು! ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಾ, "ಹೋಯ್! ಹೋಯ್! ಅಂಗೇ ಬಡೀರ್ಲಾ! ಬುಡಬ್ಯಾಡ್ರಲಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ಆ ಕೈಗಳು ಅದರ ಹೊಟ್ಟೆಗೆ ತಗುಲುವಷ್ಟು ಹತ್ತಿರ ಇದ್ದವು. ಅಮ್ಮಾ ತಾಯೀ, ಮುಗಿದೇಹೋಯಿತು ಎಂದುಕೊಂಡೆ. ಕೊಂದವಳು ನಾನೇ ಎಂದುಕೊಂಡೆ.

ಸೆರಗಿಗೆ ಬೆರಳು ಉಜ್ಜಿ, ಚುಕ್ಕಿಯನ್ನು ಒತ್ತಿ ಹಿಡಿದು ಮುಂದಕ್ಕೆ ಎಳೆದೆ. ಗಂಡಸರ ಕೂಗಿನ ಚುಕ್ಕಿಯನ್ನೂ ಅದರ ಪಕ್ಕಕ್ಕೆ ತಂದೆ. ಡಬ್ಬದ ಸದ್ದು ಬಾಗಿಲು ಬಿಟ್ಟು, ಗೋಡೆಯುದ್ದಕ್ಕೂ ಓಡಿ, ನಮ್ಮ ತಲೆಯ ಮೇಲೆ ಹಾದು ಮುಂದಿನ ಗೋಡೆಗೆ ಹೋಗಿ ನಿಂತಿತು. ಅಲ್ಲಿಂದ ಒಂದು ಊರೇ ಎದ್ದು ಬಂದ ಹಾಗೆ ಕೂಗು ಹೊರಟಿತು. ಕರಡಿ ತಿರುಗಿತು, ಕುರ್ಚಿಯ ಕಾಲಿಗೆ ಎಡವಿತು, ತಟ್ಟೆ ಠಣಾರೆಂದು ಉರುಳಿತು. ಹಾಲಿನಲ್ಲಿ ಏನೇನೋ ಬಿದ್ದ ಸದ್ದಾಯಿತು. ಆಮೇಲೆ ಬೀದಿಯಲ್ಲಿ ಜನ "ಕರಡಿ, ಕರಡಿ" ಎಂದು ಅರಚುವುದು ಕೇಳಿಸಿತು, ಅತ್ತೆ ಅದನ್ನೂ ಸ್ಪೀಕರಿನದೇ ಎಂದುಕೊಂಡರು.

ಯಜಮಾನರು ಓಡಿಹೋಗಿ ಎರಡೂ ಬಾಗಿಲು ಹಾಕಿದರು. ಹೊಸ್ತಿಲ ದೀಪಗಳು ಉರುಳಿದ್ದವು, ಗಿಂಡಿಯಲ್ಲಿ ಒಂದು ತೊಟ್ಟೂ ಎಣ್ಣೆ ಇರಲಿಲ್ಲ. ವಾಪಸು ಬಂದವರೇ ಅಮ್ಮನ ಮಡಿಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. "ಯಾಕ್ಲಾ ಅಳ್ತೀಯಾ? ಚೆನ್ನಾಗೈತೆ ಕಣ್ಲಾ" ಎಂದು ಅತ್ತೆ ಮಗನ ತಲೆ ಸವರಿದರು. ಮೈ ಮೇಲೆ ಒಂದು ಗೀರೂ ಇರಲಿಲ್ಲ. ಮೊದಲೇ ರಕ್ತದೊತ್ತಡದ ಜೀವ, ಹೇಳುವುದು ಬೇಡ ಎಂದು ಮೂವರೂ ಮಾತಾಡಿಕೊಂಡೆವು.

ಮುಚ್ಚಿಡುವುದು ಸಲೀಸಾಗಲಿಲ್ಲ. ಎದುರುಮನೆ ಗಂಗಾಧರಯ್ಯನವರು ಬಂದರೆ ಅತ್ತೆಗೆ ಅದೇ ಮಾತು. "ಎಲ್ಲಾ ಚಂದ, ಆದ್ರೆ ಕಿವಿ ತಾವ ಉಸ್ರು ಬುಡ್ತದಲ್ಲ, ಅದು ಚಂದವೋ ಚಂದ!" ಗಂಗಾಧರಯ್ಯ ನನ್ನ ಮುಖ ನೋಡುವರು, ನಾನು ಕಣ್ಸನ್ನೆ ಮಾಡುವೆ. ನಯಾಜ್ ಬಂದಾಗಲೆಲ್ಲ "ಅದ್ನೇ ಹಾಕಪ್ಪ" ಎಂಬ ಹಟ. ಅವನು ಹೊಲದ ಸದ್ದನ್ನು ಪೂರ್ತಿ ಹಾಕಿದರೆ, "ಇದ್ರಾಗೆ ಅದಿಲ್ಲ. ಕುರುಡಿ ಅಂತ ನನ್ಗೇ ಮೋಸ ಮಾಡ್ತೀರಾ?" ಎಂದು ಮುಖ ತಿರುಗಿಸುವರು. ಕೊನೆಗೊಂದು ದಿನ ಊಟದ ತಟ್ಟೆ ತಳ್ಳಿ ಕೂತುಬಿಟ್ಟರು. ಮಗ ಕಚೇರಿಗೆ ಹೋಗಿದ್ದರು. ನನಗೂ ಸಾಕಾಗಿತ್ತು.

"ಅತ್ತೆ, ಅದು ಸ್ಪೀಕರಿಂದ ಬಂದಿದ್ದಲ್ಲ. ಬೀದಿಬಾಗಿಲಿಂದ ಕರಡಿ ಒಳಗೆ ಬಂದಿತ್ತು. ನಿಮ್ಮ ಪಕ್ಕದಲ್ಲೇ ನಿಂತಿತ್ತು" ಎಂದೆ.

"ಎಲುಗುಬಂಟಾ?" ಎಂದರು, ತೆಲುಗಿನಲ್ಲಿ. "ನಿಜವಾದ್ ಕರಡಿನಾ?"

"ಹೂಂ."

ಎದೆ ಹಿಡಿದುಕೊಳ್ಳುತ್ತಾರೇನೋ ಎಂದು ನಾನು ಹತ್ತಿರ ಸರಿದೆ. ಅತ್ತೆ ಹಾಗೇನೂ ಮಾಡಲಿಲ್ಲ. ಬಲಗೈಯನ್ನು ಮುಂದಕ್ಕೆ ಚಾಚಿ, ಎಡಗೈ ಬೆರಳುಗಳಿಂದ ಅಂಗೈಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು.

"ಅಂಗಾದ್ರೆ ಆವತ್ತು ನನ್ ಕೈ ಒರ್ಸಿದ್ದು ನೀನಲ್ವೇನಮ್ಮಾ?"

"ಯಾವಾಗ ಅತ್ತೆ?" ಎಂದೆ.

"ರಸಾಯನ ಅಂಟ್ಕಂಡಿತ್ತಲ್ಲ ಕೈಗೆ. ಒದ್ದೆ ಒದ್ದೆಯಾಗಿ, ಒರಟಾಗಿ, ಬೆರಳ್ ಸಂದಿನೂ ಬುಡ್ದೆ ಒರುಸ್ತು. ಮಾತಿಲ್ಲ, ಕತೆಯಿಲ್ಲ. ದಿನಾ ನೀನು ಒದ್ದೆ ಬಟ್ಟೆ ತಂದು ಇಂಗೇ ಒರ್ಸ್ತೀಯಲ್ಲಾ, ನೀನೇ ಅನ್ಕಂಡು ಕೈ ಕೊಟ್ಕಂಡು ಕೂತಿದ್ನಲ್ಲಮ್ಮಾ."

ಕರಡಿಯ ಮೂತಿ ಕಂಡಾಗ ನನಗೆ ಭಯವಾಗಿತ್ತು, ಚುಕ್ಕಿ ಕೈಜಾರಿದಾಗ ಅದಕ್ಕಿಂತ ಭಯವಾಗಿತ್ತು. ಈ ಮಾತು ಕೇಳಿದಾಗ ಆದದ್ದು ಭಯವೇ ಅಲ್ಲ. ವ್ಯತ್ಯಾಸವೇ ಗೊತ್ತಾಗಲಿಲ್ಲವಂತೆ ಅವರಿಗೆ, ಕರಡಿಯ ನಾಲಿಗೆಗೂ ನನ್ನ ಕೈಗೂ. ಅಳು ಬಂತು, ಎದ್ದು ಅಡುಗೆಮನೆಗೆ ಹೋದೆ.

ಆಮೇಲೆ ಇನ್ನೊಂದು ತಟ್ಟೆ ಅನ್ನ ಕಲಸಿ ತಂದುಕೊಟ್ಟೆ. ಅತ್ತೆ ಉಂಡರು. ಒದ್ದೆ ಬಟ್ಟೆ ಹಿಡಿದು ಅವರ ಮುಂದೆ ಕೂತೆ. ಅವರು ಎಂದಿನ ಹಾಗೆ ಕೈ ಚಾಚಲಿಲ್ಲ, ಮಡಿಲಲ್ಲೇ ಮುದುರಿ ಇಟ್ಟುಕೊಂಡಿದ್ದರು.

"ಅತ್ತೆ, ನಾನು ವೇದಾವತಿ," ಎಂದು ಹೇಳಿ, ಆಮೇಲೆ ಆ ಕೈ ಹಿಡಿದುಕೊಂಡೆ.