ಎಂಟನೆಯ ಹುಸಿ

ಕಾಫಿಯ ನೊರೆ ಮೇಲೆ ಎಲೆಯ ಚಿತ್ರ ಬಿಡಿಸಿದ್ದಾರೆ, ನೋಡಲೇನೋ ಚೆಂದ, ಕುಡಿದರೆ ಬರೀ ಬಿಸಿಹಾಲು, ಡಿಕಾಕ್ಷನ್ ಎಲ್ಲಿ ಸ್ವಾಮಿ ಅಂತ ಹುಡುಕಬೇಕು, ಹೆಸರು ದೊಡ್ಡದು ಒಳಗೆ ತೆಳು, ಥೇಟ್ ಸಿದ್ದೇಶ ತಲೆ ಮೇಲೆ ಹೊತ್ತುಕೊಂಡಿರೋ ಆ ಲಂಡನ್ ಬ್ಯಾಂಡು ಪಿಂಕ್ ಫ್ಲಾಯ್ಡ್ ಇದ್ದ ಹಾಗೆ, ಇದನ್ನು ಅವನಿಗೆ ಹೇಳಲೇಬೇಕು— ಬೇಡಮ್ಮ ಬೇಡ, ಇವತ್ತು ಬಾಯಿ ಮುಚ್ಚಿಕೊಂಡು ಕೂತಿರ್ತೀನಿ ಅಂತ ಮಾತು ಕೊಟ್ಟಿದ್ದೇನೆ. ಗೋಕುಲಂನ ಈ ಮಹಡಿ ಕೆಫೆಯ ತುಂಬ ಯೋಗ ಕಲಿಯಲು ಬಂದ ವಿದೇಶಿಯರು, ಸುತ್ತಿದ ಚಾಪೆಗಳನ್ನು ಗೋಡೆಗೆ ಒರಗಿಸಿದ್ದಾರೆ, ಅವರ ನಡುವೆ ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟು ನನ್ನ ಭಾವೀ ಅತ್ತೆ ಮಂಚಮ್ಮ, ವೇದಿಕೆ ಮೇಲೆ ಬೇಸ್ ಗಿಟಾರಿನ ತಂತಿ ಬಿಗಿಸುತ್ತಿರುವ ಮಗ ಸಿದ್ದೇಶನನ್ನೇ ನೋಡುತ್ತಾ, ನೋಡವ್ವ ಮಾಲವಿಕಾ, ಎಂಗ್ ಸೊರಗ್ಬುಟ್ಟವ್ನೆ, ಆ ಹೂಟಗಳ್ಳಿ ಫ್ಯಾಕ್ಟರಿ ಊಟ ಕಣವ್ವ ಅದು— ಅಲ್ಲ ಅತ್ತೆ, ಊಟದಿಂದಲ್ಲ, ನನ್ನದೊಂದು ಮಾತಿನಿಂದ ಅಂತ ಹೇಗೆ ಹೇಳಲಿ, ನಾನು ಹೂಂ ಹೂಂ ಎಂದು ಹಾಲುಕಾಫಿ ಕುಡಿಯುತ್ತೇನೆ.

ಜಗಳವೇನು ಹೊಸದಲ್ಲ, ಪರಿಚಯವಾದಾಗಿನಿಂದ ಅದೇ, ಓವರ್‌ರೇಟೆಡ್ ಕಣೋ ನಿನ್ನ ಪಿಂಕ್ ಫ್ಲಾಯ್ಡು, ಕೈ ಓಡಲ್ಲ, ಗಮಕ ಇಲ್ಲ, ಒಂದೇ ಸ್ವರಾನ ಚೂಯಿಂಗ್ ಗಮ್ ಎಳೆದ ಹಾಗೆ ಎಳೀತಾರೆ, ಜೊತೆಗಿಷ್ಟು ಹೊಗೆ, ಲೈಟು, ಅಂತ ನಾನು, ಮಾಲು, ಅವರು ನುಡಿಸದೆ ಬಿಟ್ಟಿರೋ ಜಾಗ ಕೇಳಿಸ್ಕೋ ಅಂತ ಅವನು, ಬಿಟ್ಟಿರೋದನ್ನೇ ಕೇಳೋದಾದ್ರೆ ಮನೇಲಿ ಫ್ಯಾನ್ ಆಫ್ ಮಾಡಿ ಕೂತ್ಕೋತೀನಿ ಬಿಡು, ಅಂದರೆ ಬಿದ್ದು ಬಿದ್ದು ನಗುತ್ತಿದ್ದ, ಆ ನಗುವಿಗೇ ಅಲ್ಲವೇ ನಾನು ಬಿದ್ದದ್ದು. ಹೋದ ಭಾನುವಾರ ಮಾತ್ರ ನಗಲಿಲ್ಲ. ನಮ್ಮ ಹಜಾರ, ಆರತಕ್ಷತೆಗೆ ಯಾರ ಸಂಗೀತ ಎಂಬ ಚರ್ಚೆ, ಪಿಟೀಲು ಕಛೇರಿ ಆಗಲೇಬೇಕೆಂದು ಅಪ್ಪ, ನಮ್ಮ ಬ್ಯಾಂಡೂ ನುಡಿಸಲಿ ಸರ್ ಎಂದು ಸಿದ್ದೇಶ, ಫೋನಿನಲ್ಲಿ ಪಿಂಕ್ ಫ್ಲಾಯ್ಡಿನ ಒಂದು ಹಾಡು ಹಾಕಿದ, ಅಪ್ಪ ತೊಡೆ ಮೇಲೆ ಎಂಟೆಣಿಕೆಯ ಆದಿತಾಳ ಹಾಕಿ ಎರಡೇ ಸುತ್ತಿಗೆ ಮುಖ ಸಿಂಡರಿಸಿ, ಏನಪ್ಪಾ ಇವರು, ಪ್ರತಿ ಆವರ್ತಕ್ಕೂ ಒಂದೆಣಿಕೆ ನುಂಗ್ತಾರಲ್ಲ, ಇಷ್ಟು ಹೆಸರು ಮಾಡಿದೋರಿಗೆ ತಾಳಜ್ಞಾನ ಬೇಡವೇ— ತಾತ ಅರಮನೆಯಲ್ಲಿ ಪಿಟೀಲು ನುಡಿಸಿದವರು, ಪಕ್ಕದಲ್ಲೇ ಅರಮನೆ ಬ್ಯಾಂಡಿನ ಪೆರೇಡು, ಇಂಗ್ಲಿಷ್ ಸಂಗೀತ ಅಂದರೆ ಎಡ ಬಲ ಎಡ ಬಲ, ಬೇರೆ ಲೆಕ್ಕವೇ ಇಲ್ಲ ಅನ್ನುವುದು ನಮ್ಮ ಮನೆಯ ನಂಬಿಕೆ— ಆಗ ನಾನು, ನನ್ನ ಬಾಯಿಗಿಷ್ಟು, ತಾಳ ಅನ್ನೋದು ರಕ್ತದಲ್ಲಿ ಬರ್ಬೇಕು ಬಿಡಿ ಅಪ್ಪಾ, ಅಂದುಬಿಟ್ಟೆ. ಹೇಳಿದ್ದು ಲಂಡನ್ನಿನವರಿಗೆ, ಕೇಳಿಸಿದ್ದು ಮಂಚಮ್ಮನ ಮಗನಿಗೆ. ಲೋಟ ಕೆಳಗಿಟ್ಟ. ಶನಿವಾರ ಕೆಫೇಲಿ ನಾವು ನುಡಿಸ್ತೀವಿ, ಬಂದು ನೀನೇ ತಾಳ ಹಾಕಿ ನೋಡು ಮಾಲು, ತಪ್ಪು ಅನ್ಸಿದ್ರೆ ಪಿಟೀಲು ಕಛೇರೀನೇ ಇರ್ಲಿ, ನಾನು ಬಾಯಿ ಬಿಡಲ್ಲ, ಇಷ್ಟೇ, ಆಮೇಲೆ ವಾರವಿಡೀ ಫೋನಿನಲ್ಲಿ ಬರೀ ಹೂಂ, ಆಯ್ತು, ಸರಿ. ಅವನ ಜೊತೆ ಜಗಳವಿಲ್ಲದ ದಿನ ನನಗೆ ಎಷ್ಟು ಸಪ್ಪೆ ಅಂತ ಈ ವಾರ ಗೊತ್ತಾಯಿತು.

ಶುರುವಾಯಿತು, ಅದೇ ಹಾಡು, ಮೊದಲು ಅವನೊಬ್ಬನದೇ ಬೇಸ್, ಪರವಾಗಿಲ್ಲವೇ, ಕುರ್ಚಿಯ ಕಾಲಿನಲ್ಲೂ ಗುಂಗುಡುತ್ತಿದೆ, ನನ್ನ ಕೈ ನನ್ನ ಕೇಳದೆಯೇ ತೊಡೆ ಮೇಲೆ ಬಿದ್ದಾಯಿತು, ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಪೆಟ್ಟು, ಹುಸಿ, ಪೆಟ್ಟು, ಎಂಟನೆಯ ಹುಸಿಗೆ ಅಂಗೈ ಮೇಲೆ ಮಾಡಿದೆ— ಅಷ್ಟರಲ್ಲಿ ಅವನು ಮತ್ತೆ ಮೊದಲಿನಿಂದ. ನೋಡಿದೆಯಾ, ಅಪ್ಪ ಹೇಳಿದ್ದೇ ಸರಿ, ನುಂಗಿದ. ಇನ್ನೊಮ್ಮೆ, ಮತ್ತೆ ನುಂಗಿದ, ನನ್ನ ಅಂಗೈ ಪ್ರಸಾದ ಸಿಗದವಳ ಕೈಯ ಹಾಗೆ ಮೇಲೇ ಉಳಿಯಿತು. ಮೂರನೆಯ ಸಲವೂ ಅಲ್ಲೇ. ತಡಿ, ತಾಳ ತಪ್ಪುವವನು ಒಂದೊಂದು ಸಲ ಒಂದೊಂದು ಕಡೆ ತಪ್ಪುತ್ತಾನೆ, ಸುತ್ತು ಸುತ್ತಿಗೂ ಅದೇ ಜಾಗದಲ್ಲಿ ಯಾರಾದರೂ ತಪ್ಪುತ್ತಾರೆಯೇ, ಡ್ರಮ್ಮಿನವನೂ ಅಲ್ಲೇ, ಕೀಬೋರ್ಡಿನವಳೂ ಅಲ್ಲೇ, ತಪ್ಪುತ್ತಿರುವುದು ಅವರಲ್ಲ ಕಣೇ ದಡ್ಡಿ, ತಕಿಟ ತಕಧಿಮಿ, ಏಳು, ಮಿಶ್ರಛಾಪು, ಬೆಳಿಗ್ಗೆಯಷ್ಟೇ ಪಿಟೀಲು ಪಾಠಕ್ಕೆ ಬರುವ ಮಕ್ಕಳಿಗೆ ಹೇಳಿಕೊಟ್ಟು, ಸರಿಯಾಗಿ ಹಾಕ್ರೋ ಅಂತ ಗದರಿಸಿದ್ದೆನಲ್ಲ, ಅದೇ. ಅಯ್ಯೋ ರಾಮ. ರಕ್ತವಂತೆ ರಕ್ತ. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಹಿಂದೆಯೇ ನಗು ಉಕ್ಕಿ ಬಂತು, ಕೈಯನ್ನು ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟೆ, ಅವನು ಅಲ್ಲಿಂದ ನನ್ನ ಕೈಯನ್ನೇ ನೋಡುತ್ತಿದ್ದಾನೆ, ಮುಖವನ್ನಲ್ಲ, ಈ ಊರಿನವನಲ್ಲವೇ, ಕೇಳುವವರ ಮನಸ್ಸು ಕೈಯಲ್ಲಿರುತ್ತದೆ ಅಂತ ಗೊತ್ತು, ಈಗ ಆದಿತಾಳ ಹಾಕಿದರೆ ಸುಳ್ಳು, ತಾಳವನ್ನೇ ಹಾಕದಿದ್ದರೆ ಇನ್ನೂ ದೊಡ್ಡ ಸುಳ್ಳು, ಯಾಕವ್ವ ನಗ್ತಾ ಇದೀಯೆ, ಎಂಗದೆ ನಮ್ಮುಡುಗ ನುಡ್ಸೋದು, ಅಂತ ಅತ್ತೆ, ಚೆನ್ನಾಗಿದೆ ಅತ್ತೆ, ತುಂಬಾ ಚೆನ್ನಾಗಿದೆ, ಅಂದೆ, ಗಟ್ಟಿಯಾಗಿಯೇ ಅಂದೆ, ಸಿದ್ದು ತಪ್ಪಾಯ್ತು ಕಣೋ, ಕೈ ಹೊರಗೆ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಅವನ ಏಳಿನ ಮೊದಲಿಗೇ ಸರಿಯಾಗಿ ಹೊಡೆದೆ, ತಕಿಟ ತಕಧಿಮಿ, ತಕಿಟ ತಕಧಿಮಿ, ಕಂಡ, ಕಂಡೇಬಿಟ್ಟ, ವಾರದ ನಗುವೆಲ್ಲ ಒಟ್ಟಿಗೇ ಬಂದು ಒಂದು ಸ್ವರವನ್ನು ನಿಜವಾಗಿಯೂ ನುಂಗಿದ, ಕಳ್ಳ. ಆಯಿತಪ್ಪ, ಸೋತೆ, ಆರತಕ್ಷತೆಗೆ ಇವರದೇ ಬ್ಯಾಂಡು, ನಾನೂ ಪಿಟೀಲು ಹಿಡಿದು ಪಕ್ಕದಲ್ಲೇ ನಿಲ್ಲುತ್ತೇನೆ, ಗಿಟಾರಿಗೆ ಗಮಕ ಇಲ್ಲ ಅಂತ ಆಗಲೂ ಜಗಳ ಆಡುತ್ತೇನೆ, ಇದೇ ಹಾಡು, ಅಪ್ಪನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ, ಮೊದಲೇ ಏನೂ ಹೇಳುವುದಿಲ್ಲ, ಜರಿಪಂಚೆಯ ತೊಡೆ ಮೇಲೆ ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಪೆಟ್ಟು, ಹುಸಿ, ಪೆಟ್ಟು, ಅಷ್ಟರಲ್ಲಿ ನಾವಿಬ್ಬರೂ ಮತ್ತೆ ಮೊದಲಿನಿಂದ, ಬೀಗರು ನೆಂಟರು ಎಲ್ಲರೆದುರು, ಗಾಳಿಯಲ್ಲಿ, ಬಾರದ ಎಂಟನೆಯದಕ್ಕೆ ಬಿಚ್ಚಿದ ಅಪ್ಪನ ಅಂಗೈ, ಬಿಚ್ಚಿದ ಅಂಗೈ—