ಎಲ್ಲೂ ನಿಲ್ಲದೆ ಓಡುತ್ತಿದೆ

ಮೊದಲ ಸಾಲು ಓದಿ ಮುಗಿಯುವ ಮುಂಚೆಯೇ ಅವನ ಬೆರಳು ಉತ್ತರ ಕಳಿಸಿಬಿಟ್ಟಿತ್ತು. ‘ಕ್ಷಮಿಸಿ. ತೊಂದರೆ ಕೊಡುತ್ತಿರುವ ಕ್ಲಿಪ್ಪನ್ನು ತೆಗೆದುಹಾಕಿ ಮತ್ತೊಮ್ಮೆ ಪ್ರಯತ್ನಿಸಿ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’ ಅಮೂಲ್ಯ ಎಂಬ ಮಾತನ್ನು ಬರೆದವರು ಯಾರೋ ಅವನಿಗೆ ಗೊತ್ತಿಲ್ಲ. ಅವನು ಕೆಲಸಕ್ಕೆ ಸೇರುವ ಮೊದಲೇ ಅದು ಅಲ್ಲಿತ್ತು.

ವಿಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರ್ ತಯಾರಿಸಿ ಮಾರುವ ಕಂಪನಿಯಲ್ಲಿ ಅವನದು ದೂರು ಓದುವ ಕೆಲಸ. ಜನ ಬೈಯುತ್ತಾರೆ, ಅವನು ಓದುತ್ತಾನೆ. ಓದಿ, ಸಿದ್ಧವಾಗಿರುವ ಉತ್ತರಗಳಲ್ಲಿ ಒಂದನ್ನು ಆರಿಸಿ ಕಳಿಸುತ್ತಾನೆ. ಹೊಸ ಅಪ್‌ಡೇಟ್ ಬಂದ ಮೇಲಂತೂ ಸಾಫ್ಟ್‌ವೇರು ಕೂತಲ್ಲಿ ನಿಂತಲ್ಲಿ ಹ್ಯಾಂಗ್ ಆಗುತ್ತಿತ್ತು. ಬೈಗುಳಕ್ಕೆ ಬರವಿರಲಿಲ್ಲ.

ಮದುವೆ ವಿಡಿಯೊ ಮಾಡುವವನೊಬ್ಬ ಬರೆದಿದ್ದ: ‘ಮದುಮಗಳು ಅರ್ಧ ನಕ್ಕ ಕಡೆಯೇ ನಿಂತುಬಿಡ್ತಾಳೆ ಸ್ವಾಮಿ. ಅವರಪ್ಪ ನನ್ನ ಜೀವ ಹಿಂಡ್ತಿದಾನೆ.’ ಇನ್ನೊಬ್ಬ ಹೆಂಗಸು: ‘ನಿಮ್ಮ ಸಾಫ್ಟ್‌ವೇರಿಗಿಂತ ನಮ್ಮತ್ತೆ ವಾಸಿ. ಮಾತು ಬಿಡೋ ಮುಂಚೆ ಹೇಳಿಯಾದ್ರೂ ಬಿಡ್ತಾರೆ.’ ಒಂದು ಕಾಲದಲ್ಲಿ ಇಂಥವನ್ನು ಅವನು ಮನೆಗೆ ಹೋಗಿ ಹೆಂಡತಿಗೆ ಓದಿ ಹೇಳುತ್ತಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಓದುವುದೂ ಇಲ್ಲ, ಹೇಳುವುದೂ ಇಲ್ಲ. ಮೊದಲ ಸಾಲಿನ ಮೇಲೆ ಕಣ್ಣಾಡಿಸಿದರೆ ರೋಗ ಯಾವುದೆಂದು ಗೊತ್ತಾಗುತ್ತದೆ. ಉಳಿದದ್ದೆಲ್ಲ ಗೋಳು.

ಗೋಳನ್ನು ಹೀಗೆ ಬಿಟ್ಟುಬಿಡುವುದರಿಂದಲೇ ಇಡೀ ಮಹಡಿಯಲ್ಲಿ ಅವನಷ್ಟು ಬೇಗ ಉತ್ತರ ಕೊಡುವವರು ಇನ್ನೊಬ್ಬರಿರಲಿಲ್ಲ. ಮ್ಯಾನೇಜರಮ್ಮ ಹೊಸದಾಗಿ ಸೇರಿದವರಿಗೆಲ್ಲ ಅವನ ಕಡೆ ಬೆರಳು ತೋರಿಸುತ್ತಿದ್ದಳು. ಅವನು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಮಧ್ಯಾಹ್ನ ಊಟ ಮುಗಿಸಿ ಕೂತಾಗ ಡಾಕ್ಟರ್ ಕರೆದ. ಡಾಕ್ಟರ್ ಎಂದರೆ ಪಕ್ಕದ ಸಾಲಿನ ಪ್ರೋಗ್ರಾಮರ್. ಕೆಟ್ಟು ನಿಂತ ಸಾಫ್ಟ್‌ವೇರಿನ ನಾಡಿ ಹಿಡಿದು ರೋಗ ಹೇಳುತ್ತಾನೆಂದು ಆ ಅಡ್ಡಹೆಸರು. ಈ ಕಂಪನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

“ಬಾರೋ ಇಲ್ಲಿ. ಒಳ್ಳೇ ಕೇಸ್ ಸಿಕ್ಕಿದೆ.”

“ಯಾವ್ದು?”

“ಬೆಳಿಗ್ಗೆ ನೀನೇ ಉತ್ತರ ಕೊಟ್ಟಿರೋದು. ಇಡೀ ಪ್ರಾಜೆಕ್ಟ್ ಫೈಲೇ ಕಳ್ಸಿದಾರೆ ಪುಣ್ಯಾತ್ಮರು. ಎಷ್ಟು ಸಲ ಓಡಿಸಿದ್ರೂ ಒಂದೇ ಕಡೆ ನಿಲ್ಲುತ್ತೆ, ನೋಡು.”

ಡಾಕ್ಟರ್ ಬಟನ್ ಒತ್ತಿದ. ಪರದೆಯ ಮೇಲೆ ಒಂದು ಮನೆಯ ಮೆಟ್ಟಿಲು ಕಾಣಿಸಿತು. ಮೆಟ್ಟಿಲ ಮೇಲೆ ಪುಟ್ಟ ಹುಡುಗಿಯೊಬ್ಬಳು ಶೂ ಲೇಸ್ ಕಟ್ಟಿಕೊಳ್ಳಲು ಒದ್ದಾಡುತ್ತಿದ್ದಳು. ನಾಲಿಗೆಯ ತುದಿ ಹೊರಗೆ ಬಂದಿತ್ತು.

ಆ ಮೆಟ್ಟಿಲನ್ನು ಇಳಿದೇ ಅವನು ಇವತ್ತು ಕೆಲಸಕ್ಕೆ ಬಂದಿದ್ದ.

“ಗುಂಡಮ್ಮಾ, ನಾನು ಕಟ್ಲೇನೇ?” ಎಂದಿತು ಕ್ಯಾಮೆರಾದ ಹಿಂದಿನ ದನಿ.

“ಬೇಡ. ನೀನು ಸುಮ್ನೆ ನೋಡ್ತಿರು. ನಾನೇ ಕಟ್ಕೋತೀನಿ.”

ಹಿಂದಿನ ದನಿ ನಕ್ಕಿತು. ಗುಂಡಮ್ಮ ಸಿಟ್ಟಿನಿಂದ ತಲೆ ಎತ್ತತೊಡಗಿದಳು. ಅಲ್ಲಿಗೆ ನಿಂತಿತು. ರೆಪ್ಪೆ ಅರ್ಧ ಮುಚ್ಚಿದ್ದು ಹಾಗೇ, ಬೆರಳಲ್ಲಿ ಲೇಸಿನ ತುದಿ ಹಾಗೇ.

“ಕಂಡ್ಯಾ? ಸತ್ತೋಯ್ತು” ಎಂದ ಡಾಕ್ಟರ್. “ಫೋನಲ್ಲಿ ತೆಗೆದಿರೋದು. ಸ್ಪೀಡು ಏರುಪೇರಾಗಿದೆ, ನಮ್ಮದು ಅದನ್ನ ತಡ್ಕೊಳಲ್ಲ. ಹಿಂದೆ ನಗ್ತಿರೋನು ಅಪ್ಪ ಇರ್ಬೇಕು. ಖುಷಿ ನೋಡು ಅವನಿಗೆ!”

ಡಾಕ್ಟರಿಗೆ ಆ ದನಿಯ ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಇವನು ಹೀಗೆ ಮುದ್ದಿನಿಂದ ಮಾತಾಡಿದ್ದನ್ನಾಗಲಿ ನಕ್ಕದ್ದನ್ನಾಗಲಿ ಅವನು ಒಮ್ಮೆಯೂ ಕೇಳಿರಲಿಲ್ಲ. ಒಬ್ಬಳು ಮಗಳಿದ್ದಳು, ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ ಎಂದು ಇವನೂ ಅವನಿಗೆ ಹೇಳಿರಲಿಲ್ಲ.

“ಇದನ್ನ ಸರಿ ಮಾಡಕ್ಕಾಗುತ್ತಾ?” ಇವನು ಕೇಳಿದ.

“ಅಯ್ಯೋ, ಚಿಟಿಕೆ ಹೊಡೆಯೋಷ್ಟರಲ್ಲಿ. ಈ ಕ್ಲಿಪ್ಪನ್ನ ಬೇರೆ ಥರ ಸೇವ್ ಮಾಡಿ ವಾಪಸ್ ಹಾಕಿದ್ರೆ ಮುಗೀತು. ನೀನೇನಂತ ಬರೆದೆ?”

“ಅದೇ. ಮಾಮೂಲಿ.”

ಡಾಕ್ಟರ್ ಮತ್ತೊಮ್ಮೆ ಓಡಿಸಿದ. ಗುಂಡಮ್ಮ ಮತ್ತೊಮ್ಮೆ ತಲೆ ಎತ್ತಲು ಹೊರಟು ಅರ್ಧಕ್ಕೆ ನಿಂತಳು. ಅವನು ನೀರು ಕುಡಿದು ಬರುತ್ತೇನೆ ಎಂದು ಹೇಳಿ ತನ್ನ ಜಾಗಕ್ಕೆ ಬಂದ.

ಮಗಳು ತೀರಿಕೊಂಡ ವಾರವೇ ಅವನು ತನ್ನ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿದ್ದ. ಒಂದೊಂದಾಗಿ ನೋಡಿ ಅಳಿಸುವ ಧೈರ್ಯವಿಲ್ಲದೆ ಎಲ್ಲವನ್ನೂ ಒಟ್ಟಿಗೇ. ಹೆಂಡತಿ ಕೇಳಿದಾಗ “ಇಟ್ಕೊಂಡು ಏನ್ಮಾಡೋದು?” ಎಂದಿದ್ದ. ಅಂದಿನಿಂದ ಮನೆಯಲ್ಲಿ ಮಾತು ಸವೆಯುತ್ತ ಬಂತು. ಊಟ ಇಟ್ಟಿದೆ. ಗ್ಯಾಸು ಮುಗಿದಿದೆ. ಬಾಗಿಲು ಹಾಕಿದೆ. ಯಾರು ಇಟ್ಟರು, ಯಾರಿಗೆ ಇಟ್ಟರು ಎನ್ನುವುದೆಲ್ಲ ಮಾತಿನಿಂದ ಉದುರಿಹೋಗಿತ್ತು.

ಮೆಟ್ಟಿಲ ಮೇಲಿನ ಈ ವಿಡಿಯೊವನ್ನು, ಹೆಂಡತಿ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಒಂದು ಬೆಳಿಗ್ಗೆ ಅವನೇ ಅವಳಿಗೆ ಕಳಿಸಿದ್ದ. ‘ನೋಡು ನಿನ್ನ ಮಗಳ ಪ್ರತಾಪ’ ಎಂದು ಬರೆದು. ಹಾಗೆ ಬರೆದವನೂ ತಾನೇ ಎಂದು ಅವನಿಗೆ ನಂಬಲಾಗಲಿಲ್ಲ.

ದೂರನ್ನು ತೆರೆದ. ಬರೆದವರ ಹೆಸರಿನ ಜಾಗದಲ್ಲಿ ಒಂದು ಚುಕ್ಕಿ ಮಾತ್ರ ಇತ್ತು. ಈಗ ಪೂರ್ತಿ ಓದಿದ.

‘ಹೊಸ ಅಪ್‌ಡೇಟ್ ಆದ ಮೇಲೆ ಒಂದು ಕ್ಲಿಪ್ ಬಂದ ಕೂಡಲೇ ನಿಮ್ಮ ಸಾಫ್ಟ್‌ವೇರ್ ನಿಂತುಹೋಗುತ್ತದೆ. ಇದು ನನ್ನ ಮಗಳ ಚಿತ್ರ. ಸಿಕ್ಕಿದ ತುಂಡುಗಳನ್ನೆಲ್ಲ ಸೇರಿಸಿ ಮಾಡುತ್ತಿದ್ದೇನೆ. ಉಳಿದವೆಲ್ಲ ನಾನು ತೆಗೆದವು. ಅವಳ ಅಪ್ಪನ ದನಿ ಇರುವುದು ಇದೊಂದರಲ್ಲೇ. ಅವರು ನಕ್ಕದ್ದು ಕೂಡ ಇದೊಂದರಲ್ಲೇ ಉಳಿದಿದೆ. ಅವರಿಗೆ ತೋರಿಸಬೇಕು ಅಂತಲೇ ಇಷ್ಟೆಲ್ಲ ಮಾಡಿದ್ದು. ಏನು ಮಾಡಲಿ, ಹೇಳಿ. ತೆಗೆದುಹಾಕಿ ಎಂದು ಮಾತ್ರ ಹೇಳಬೇಡಿ.’

ಕೆಳಗೆ ಅವನ ಉತ್ತರ. ತೆಗೆದುಹಾಕಿ.

ಅದರ ಕೆಳಗೆ ಅವಳದು, ಊಟದ ಹೊತ್ತಿಗೆ ಬಂದದ್ದು: ‘ಸರಿ. ತೆಗೆದೆ. ಈಗ ಎಲ್ಲೂ ನಿಲ್ಲದೆ ಓಡುತ್ತಿದೆ.’

ಅವಳಿಗೆ ಗೊತ್ತಿತ್ತೇ? ಅವನು ಎಲ್ಲಿ ಕೆಲಸ ಮಾಡುತ್ತಾನೆ, ಏನು ಮಾಡುತ್ತಾನೆ ಎಂದು ಗೊತ್ತಿಲ್ಲದವಳೇನಲ್ಲ. ಅಡುಗೆಮನೆಯಿಂದಲೇ ಕೂಗಿ ಕೇಳಬಹುದಾದದ್ದನ್ನು ಊರಿಗೆಲ್ಲ ತೆರೆದಿಟ್ಟ ದೂರಿನ ಪೆಟ್ಟಿಗೆಗೆ ಯಾಕೆ ಹಾಕಿದಳು? ಇವನೇ ಓದುತ್ತಾನೆ ಎಂದೇ? ಅಥವಾ ಯಾರಾದರೂ ಓದಲಿ, ಇವನೊಬ್ಬನನ್ನು ಬಿಟ್ಟು ಎಂದೇ?

‘ದಯವಿಟ್ಟು ಆ ಕ್ಲಿಪ್ಪನ್ನು ವಾಪಸ್ ಹಾಕು’ ಎಂದು ಬರೆದ. ‘ಹಾಕು’ ಎಂಬುದನ್ನು ಅಳಿಸಿ ‘ಹಾಕಿ’ ಎಂದು ಮಾಡಿದ. ಆಮೇಲೆ ಎಲ್ಲವನ್ನೂ ಅಳಿಸಿದ. ಕಂಪನಿಯ ಹೆಸರಿನಲ್ಲಿ ಹೆಂಡತಿಯ ಕಾಲಿಗೆ ಬೀಳುವುದು ಹೇಗೆ ಎಂದು ಸಿದ್ಧ ಉತ್ತರಗಳಲ್ಲಿ ಇರಲಿಲ್ಲ.

ಹೊರಗೆ ಲಿಫ್ಟಿನ ಪಕ್ಕ ನಿಂತು ಫೋನ್ ಮಾಡಿದ. ಅವಳು ತಡವಾಗಿ ಎತ್ತಿಕೊಂಡಳು.

“ಏನು?”

“ಏನಿಲ್ಲ. ಊಟ ಆಯ್ತಾ?”

“ಆಯ್ತು.”

“ಹ್ಞೂ.”

“ಮತ್ತೆ?”

“ಮನೆಗೆ ಬೇಗ ಬರ್ತೀನಿ.”

“ಸರಿ” ಎಂದಳು. ಯಾಕೆ ಎಂದು ಕೇಳಲಿಲ್ಲ. ಒಂದು ಸಲ ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದ, ಖಂಡಿತ ಹೇಳಿಬಿಡುತ್ತಿದ್ದ. ಲಿಫ್ಟು ಬಂದು, ಬಾಗಿಲು ತೆರೆದು, ಯಾರೂ ಹತ್ತದಿದ್ದುದರಿಂದ ಮುಚ್ಚಿಕೊಂಡು ಹೋಯಿತು.

ಸಂಜೆಯ ಮೀಟಿಂಗಿನಲ್ಲಿ ಮ್ಯಾನೇಜರಮ್ಮ ಹುರುಪಿನಲ್ಲಿದ್ದಳು. “ದಿನವಿಡೀ ಬರೀ ಬೈಗುಳ ಕೇಳಿ ಸಾಕಾಗಿದೆ ಅಲ್ವಾ? ಇವತ್ತು ಒಬ್ಬರಾದ್ರೂ ಒಳ್ಳೇ ಮಾತು ಬರೆದಿದಾರೆ, ಕೇಳಿ.” ಕನ್ನಡಕ ಏರಿಸಿಕೊಂಡು ಓದಿದಳು: “‘ಈಗ ಎಲ್ಲೂ ನಿಲ್ಲದೆ ಓಡುತ್ತಿದೆ.’ ಪೂರ್ತಿ ಸ್ಟಾರ್ ಕೊಟ್ಟಿದಾರೆ. ಇದಕ್ಕೆ ಉತ್ತರ ಕೊಟ್ಟಿದ್ದು ಯಾರು ಅಂತ ಬೇರೆ ಹೇಳ್ಬೇಕಾ?”

ಎಲ್ಲರೂ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಡಾಕ್ಟರ್ ಮಾತ್ರ ಅವನ ಮುಖ ನೋಡಿ, “ಹುಷಾರಿಲ್ವೇನೋ?” ಎಂದು ಮೆಲ್ಲಗೆ ಕೇಳಿದ. ಅವನು ಇಲ್ಲವೆಂದೋ ಹೌದೆಂದೋ ತಲೆಯಾಡಿಸಿದ.

ಮನೆಯ ಮೆಟ್ಟಿಲ ಬಳಿ ಬಂದವನು ಒಂದು ಕ್ಷಣ ನಿಂತ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ತಪ್ಪಾಯಿತು ಎಂದು ಶುರುಮಾಡಿ, ಆ ಕ್ಲಿಪ್ಪು ಹಾಕೋಣ, ಇಬ್ಬರೂ ಕೂತು ಹಾಕೋಣ ಎಂದು ಮುಗಿಸುವುದು. ಶೂ ಬಿಚ್ಚುವಾಗ ಬೆರಳು ಲೇಸಿನಲ್ಲಿ ಸಿಕ್ಕಿ ತಡವರಿಸಿತು.

ಹಾಲ್‌ನಲ್ಲಿ ಕಿಟಕಿಯ ಪರದೆ ಎಳೆದು ಕತ್ತಲೆ ಮಾಡಿತ್ತು. ಸ್ಕೂಲಿನಿಂದ ತಂದ ಪ್ರೊಜೆಕ್ಟರನ್ನು ಹೆಂಡತಿ ಮೇಜಿನ ಮೇಲಿಟ್ಟಿದ್ದಳು. ಎದುರು ಗೋಡೆಯ ತುಂಬ ಗುಂಡಮ್ಮ, ಸ್ನಾನದ ಟವಲು ಸುತ್ತಿಕೊಂಡು, ಯಾರನ್ನೋ ಗದರುತ್ತಿದ್ದಳು. ಹೆಂಡತಿ ನೆಲದ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಅವನು ಬಾಗಿಲಲ್ಲೇ ನಿಂತು ನೋಡಿದ. ಇಷ್ಟು ದಿನ ನೋಡಲಾರೆ ಎಂದುಕೊಂಡಿದ್ದು. ನೋಡಬಹುದಾಗಿತ್ತು. ಇಬ್ಬರೂ ಕೂತು ಅತ್ತುಕೊಂಡು ನೋಡಬಹುದಾಗಿತ್ತು.

“ಮುಗೀತಾ ಇದು?” ಎಂದ.

“ಮುಗೀತು. ಒಂದ್ಕಡೆ ನಿಲ್ತಿತ್ತು. ಬರೆದು ಕೇಳ್ದೆ. ತೆಗೆದುಹಾಕಿ ಅಂದ್ರು.”

“ಯಾರು ಅಂದಿದ್ದು?”

ಅವಳು ತಲೆ ತಿರುಗಿಸಿ ಅವನನ್ನು ನೋಡಿದಳು. ಎಷ್ಟೋ ಕಾಲದ ಮೇಲೆ ನೇರವಾಗಿ ನೋಡಿದಳು. “ಹೆಸರಿರ್ಲಿಲ್ಲ” ಎಂದಳು.

“ಅದನ್ನ ಸರಿ ಮಾಡ್ಬಹುದು. ವಾಪಸ್ ಹಾಕ್ಬಹುದು.”

“ಯಾವುದನ್ನ?”

‘ನನ್ನನ್ನ’ ಎನ್ನಬೇಕೆಂದು ಬಾಯಿ ತೆರೆದ. “ಆ ಕ್ಲಿಪ್ಪನ್ನ” ಎಂದ.

“ಇರ್ಲಿ ಬಿಡಿ” ಎಂದಳು ಅವಳು, ಹೊರಗಿನವರಿಗೆ ಹೇಳುವ ಹಾಗೆ. “ಈಗ ಚೆನ್ನಾಗೇ ಓಡ್ತಿದೆ.”

ಅವನು ಅವಳ ಪಕ್ಕ ಕೂರಬೇಕೆಂದು ಎರಡು ಹೆಜ್ಜೆ ಮುಂದೆ ಬಂದ. ಪ್ರೊಜೆಕ್ಟರಿನ ಬೆಳಕು ಅವನ ಎದೆಗೆ ಬಿತ್ತು. ಗೋಡೆಯ ಮೇಲೆ ಗುಂಡಮ್ಮ ಇರಬೇಕಾದಲ್ಲಿ ಒಂದು ದೊಡ್ಡ ಕಪ್ಪು ಆಕಾರ ಎದ್ದು ನಿಂತಿತು.

“ನೆರಳು ಬೀಳ್ತಿದೆ” ಎಂದಳು ಅವಳು.

ಅವನು ಪಕ್ಕಕ್ಕೆ ಸರಿದ. ಸಾಲದೆಂದು ಇನ್ನೂ ಸರಿದ, ಬೆನ್ನು ಗೋಡೆಗೆ ತಗಲುವವರೆಗೂ ಸರಿದ. ಎದುರಿನ ಗೋಡೆ ಪೂರ್ತಿ ತೆರವಾಯಿತು. ಅಲ್ಲಿ ಗುಂಡಮ್ಮ, ಲೇಸು ಬಿಗಿದ ಶೂ ಹಾಕಿಕೊಂಡು, ಹಿಂದಿರುಗಿ ನೋಡದೆ ಓಡುತ್ತಿದ್ದಳು.